ಫೋರ್ಡ್ ಕಾಸು ಬಿಚ್ಚದ ಹೆದ್ದಾರಿ

ಪ್ಯಾಕರ್ಡ್ ಅಂದರೆ ಆ ಕಾಲದ ಅಮೆರಿಕದಲ್ಲಿ ಸಿರಿವಂತರ ಕಾರು. ಆ ಕಂಪನಿಯ ಅಧ್ಯಕ್ಷ ಹೆನ್ರಿ ಜಾಯ್ ತನ್ನದೇ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟು ನೆಬ್ರಾಸ್ಕಾದ ಓಮಾಹಾ ಊರಿಗೆ ಬಂದಾಗ, ಅಲ್ಲಿದ್ದ ತನ್ನ ಡೀಲರನ್ನು ಮುಂದಿನ ದಾರಿ ಕೇಳಿದನಂತೆ. ಮುಂದೆ ದಾರಿ ಎಂಬುದೇ ಇಲ್ಲ ಎಂದ ಡೀಲರ್. ಹಾಗಾದರೆ ಹೋಗುವುದು ಹೇಗೆ? ಬನ್ನಿ ತೋರಿಸುತ್ತೇನೆ ಎಂದು ಅವನು ಊರಾಚೆಗೆ ಕರೆದುಕೊಂಡು ಹೋದ. ಒಂದು ತಂತಿ ಬೇಲಿ ಎದುರಾಯಿತು. ಬೇಲಿ ಇಳಿಸಿ, ಕಾರು ದಾಟಿಸಿ, ಮತ್ತೆ ಬೇಲಿ ಕಟ್ಟಿ ಮುಂದೆ ಹೋಗಿ. ಇನ್ನೊಂದು ಬೇಲಿ ಸಿಕ್ಕಿದರೆ ಹಾಗೇ ಮಾಡಿ ಎಂದು ಹೇಳಿ ಬೀಳ್ಕೊಟ್ಟ. ಇನ್ನಷ್ಟು ದೂರ ಹೋದ ಮೇಲೆ ಬೇಲಿಗಳೂ ಇರಲಿಲ್ಲ, ಹೊಲಗಳೂ ಇರಲಿಲ್ಲ. ಹುಲ್ಲುಗಾವಲಿನ ನಡುವೆ ಎರಡು ಗೆರೆ ಚಕ್ರದ ಜಾಡು ಮಾತ್ರ. ಜಾಯ್ ಮುಂದೆ ಈ ಕಥೆಯನ್ನು ಹೇಳುತ್ತಿದ್ದ. ಕಾರು ಮಾರುವವನ ಸಂಕಟ ಇದಕ್ಕಿಂತ ಚೆನ್ನಾಗಿ ಹೇಳುವ ಕಥೆ ಬೇರೆ ಇಲ್ಲ: ಸಾಮಾನು ಸಿದ್ಧವಿದೆ, ಕೊಳ್ಳುವವರೂ ಇದ್ದಾರೆ, ಕೊಂಡವರು ಅದನ್ನು ಓಡಿಸುವುದೆಲ್ಲಿ?

ನಮ್ಮಲ್ಲಿ ಉದ್ದದ ಹೆದ್ದಾರಿ ಎಂದರೆ ಶೇರ್ ಶಹನ ಹೆಸರು ಬರುತ್ತದೆ, ಬ್ರಿಟಿಷರ ಹೆಸರು ಬರುತ್ತದೆ, ಈಚಿನದಾದರೆ ಸುವರ್ಣ ಚತುಷ್ಪಥ. ದೊರೆಯೋ ಸರ್ಕಾರವೋ ಹಾಕಿಸಿದ ದಾರಿ ಅದು. ಅಮೆರಿಕವನ್ನು ಪೂರ್ವದ ಕಡಲಿಂದ ಪಶ್ಚಿಮದ ಕಡಲಿಗೆ ಅಡ್ಡಲಾಗಿ ಸೀಳಿದ ಮೊದಲ ಕಾರು ಹೆದ್ದಾರಿ ಹುಟ್ಟಿದ್ದು ಮಾತ್ರ ಒಂದು ರಾತ್ರಿಯ ಭೋಜನಕೂಟದಲ್ಲಿ. ಉಂಡವರು ಕಾರು ಮತ್ತು ಬಿಡಿಭಾಗ ತಯಾರಿಸುವ ವ್ಯಾಪಾರಿಗಳು. ಹೆಸರು ಲಿಂಕನ್ ಹೈವೇ.

ಅದಕ್ಕೂ ಮುಂಚೆ ಖಂಡ ದಾಟಿದವರು ಇರಲಿಲ್ಲವೆಂದಲ್ಲ. 1903ರಲ್ಲಿ ವರ್ಮಾಂಟ್‌ನ ವೈದ್ಯ ಹೊರೇಷಿಯೊ ನೆಲ್ಸನ್ ಜಾಕ್ಸನ್ ಐವತ್ತು ಡಾಲರ್ ಬಾಜಿ ಕಟ್ಟಿ, ಒಬ್ಬ ಮೆಕ್ಯಾನಿಕ್ಕನನ್ನೂ ದಾರಿಯಲ್ಲಿ ಸಿಕ್ಕಿದ ಒಂದು ನಾಯಿಯನ್ನೂ ಕೂರಿಸಿಕೊಂಡು, ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿಗೆ 63 ದಿನದಲ್ಲಿ ಬಂದ. ಧೂಳಿಗೆ ನಾಯಿಗೂ ಕನ್ನಡಕ ಹಾಕಿದ್ದರು. 1909ರಲ್ಲಿ ಇಪ್ಪತ್ತೆರಡು ವರ್ಷದ ಆಲಿಸ್ ರ‍್ಯಾಮ್ಸೆ, ಡ್ರೈವಿಂಗ್ ಬಾರದ ಮೂವರು ಹೆಂಗಸರನ್ನು ಕರೆದುಕೊಂಡು, ಎದುರು ದಿಕ್ಕಿನಲ್ಲಿ 59 ದಿನದಲ್ಲಿ ದೇಶ ದಾಟಿದಳು. ಇವೆಲ್ಲ ಸಾಹಸಯಾತ್ರೆಗಳು. ಸಾಹಸದಿಂದ ಪತ್ರಿಕೆ ಮಾರಬಹುದು, ಲಕ್ಷಗಟ್ಟಲೆ ಕಾರು ಮಾರಲಾಗುವುದಿಲ್ಲ. ಆಗ ಅಮೆರಿಕದ ಹಳ್ಳಿಗಾಡಿನಲ್ಲಿ ಸುಮಾರು 22 ಲಕ್ಷ ಮೈಲಿ ದಾರಿ ಲೆಕ್ಕಕ್ಕಿತ್ತು. ಅದರಲ್ಲಿ ನೂರಕ್ಕೆ ಒಂಬತ್ತು ಮೈಲಿಗೂ ಜಲ್ಲಿಯೋ ಇಟ್ಟಿಗೆಯೋ ಏನಾದರೊಂದು ಹೊದಿಕೆ ಇರಲಿಲ್ಲ. ಉಳಿದದ್ದು ಬರಿ ಮಣ್ಣು. ಇರುವ ದಾರಿಗಳೂ ಹಳ್ಳಿಯಿಂದ ಹತ್ತಿರದ ರೈಲು ನಿಲ್ದಾಣಕ್ಕೆ ಹೋಗಿ ಅಲ್ಲಿಗೇ ಮುಗಿಯುತ್ತಿದ್ದವು. ದೂರ ಹೋಗುವವನು ರೈಲು ಹತ್ತುತ್ತಾನೆ, ರಸ್ತೆ ಯಾರಿಗೆ ಬೇಕು ಎನ್ನುವುದು ಆ ಕಾಲದ ಧೋರಣೆ.

ಭೋಜನಕೂಟ ಕರೆದವನು ಇಂಡಿಯಾನಾಪೊಲಿಸ್ ನಗರದ ಕಾರ್ಲ್ ಫಿಶರ್. ಈ ಮನುಷ್ಯನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಚಿಕ್ಕಂದಿನಿಂದ ಕಣ್ಣು ಮಂಜು, ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟವನು. ಅಣ್ಣತಮ್ಮಂದಿರ ಜೊತೆ ಸೈಕಲ್ ಅಂಗಡಿ ಇಟ್ಟ, ಅಲ್ಲಿಂದ ಕಾರು ವ್ಯಾಪಾರಕ್ಕೆ ಬಂದ. ಪ್ರಚಾರಕ್ಕೆಂದು 1908ರಲ್ಲಿ ಒಂದು ಕಾರನ್ನು ಬಲೂನಿಗೆ ಕಟ್ಟಿ ಊರಿನ ಮೇಲೆ ತೇಲಿಸಿದ. ಅಸಿಟಿಲೀನ್ ಅನಿಲದಿಂದ ಉರಿಯುವ ಹೆಡ್‌ಲೈಟನ್ನು ಪ್ರೆಸ್ಟ್-ಓ-ಲೈಟ್ ಎಂಬ ಹೆಸರಿನಲ್ಲಿ ಮಾರಿ ಕೋಟ್ಯಧಿಪತಿಯಾದ. ಕಾರುಗಳು ರಾತ್ರಿ ಓಡುವಂತಾದದ್ದರಲ್ಲಿ ಅವನ ಪಾಲು ದೊಡ್ಡದು. ಇಂಡಿಯಾನಾಪೊಲಿಸ್‌ನ ಜಗತ್ಪ್ರಸಿದ್ಧ ರೇಸ್ ಟ್ರ್ಯಾಕ್ ಕಟ್ಟಿಸಿದ ನಾಲ್ವರಲ್ಲಿ ಅವನೂ ಒಬ್ಬ. 1909ರಲ್ಲಿ ಅಲ್ಲಿ ನಡೆದ ಮೊದಮೊದಲ ಕಾರು ಪಂದ್ಯಗಳಲ್ಲೇ ಜಲ್ಲಿ-ಟಾರಿನ ನೆಲ ಕಿತ್ತು ಬಂದು ಜನ ಸತ್ತರು. ಕೆಲವೇ ತಿಂಗಳಲ್ಲಿ 32 ಲಕ್ಷ ಇಟ್ಟಿಗೆ ಹಾಸಿ ಟ್ರ್ಯಾಕನ್ನು ಮತ್ತೆ ಕಟ್ಟಿದರು. ನೆಲ ಕೆಟ್ಟರೆ ಯಂತ್ರ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ ಎಂಬ ಪಾಠ ಫಿಶರ್‌ನಿಗೆ ರಕ್ತದ ಬೆಲೆಯಲ್ಲಿ ಸಿಕ್ಕಿತ್ತು.

1912ರ ಸೆಪ್ಟೆಂಬರ್ 10ರಂದು ಅವನು ಊಟಕ್ಕೆ ಕರೆದ ಉದ್ಯಮಿಗಳ ಮುಂದೆ ಇಟ್ಟ ಯೋಜನೆ ಕೇಳಲು ಸರಳವಾಗಿತ್ತು. ಕಡಲಿಂದ ಕಡಲಿಗೆ ಒಂದು ಜಲ್ಲಿ ರಸ್ತೆ. ಖರ್ಚು ಒಂದು ಕೋಟಿ ಡಾಲರ್. ಅದು ಸಾಮಗ್ರಿಗೆ ಮಾತ್ರ. ಆಳು, ಕುದುರೆ, ಸಲಕರಣೆಗಳನ್ನು ದಾರಿಯುದ್ದಕ್ಕೂ ಇರುವ ಊರುಗಳೇ ಒದಗಿಸಬೇಕು. ಗಡುವು 1915, ಏಕೆಂದರೆ ಆ ವರ್ಷ ಪನಾಮಾ ಕಾಲುವೆಯ ಸಂಭ್ರಮಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಲಿತ್ತು. ಇಪ್ಪತ್ತೈದು ಸಾವಿರ ಕಾರುಗಳು ಈ ದಾರಿಯಲ್ಲಿ ಅಲ್ಲಿಗೆ ಹೋಗಲಿ ಎಂಬುದು ಅವನ ಆಸೆ. ಅರ್ಧ ಗಂಟೆಯೊಳಗೆ ಗುಡ್‌ಇಯರ್ ಟೈರ್ ಕಂಪನಿಯ ಫ್ರ್ಯಾಂಕ್ ಸೈಬರ್ಲಿಂಗ್, ತನ್ನ ನಿರ್ದೇಶಕ ಮಂಡಳಿಯನ್ನು ಒಂದು ಮಾತೂ ಕೇಳದೆ, ಮೂರು ಲಕ್ಷ ಡಾಲರ್ ಘೋಷಿಸಿದ. ಟೈರು ಮಾರುವವನ ಲೆಕ್ಕಾಚಾರ ಸರಿಯಾಗಿಯೇ ಇತ್ತು.

ಎಲ್ಲರ ಕಣ್ಣೂ ಹೆನ್ರಿ ಫೋರ್ಡ್ ಮೇಲೆ. ದೇಶದಲ್ಲಿ ಅತಿ ಹೆಚ್ಚು ಕಾರು ತಯಾರಿಸುತ್ತಿದ್ದವನು ಅವನೇ, ಆದ್ದರಿಂದ ಅತಿ ಹೆಚ್ಚು ಲಾಭವೂ ಅವನಿಗೇ. ಅವನು ಕೈಯೆತ್ತಿದರೆ ಮಿಕ್ಕವರು ಹಿಂದೆ ಬರುತ್ತಾರೆ. ಫಿಶರ್ ಸ್ನೇಹಿತರ ಮೂಲಕ ಹೇಳಿಸಿದ, ದೊಡ್ಡವರಿಂದ ಪತ್ರ ಬರೆಸಿದ. ಫೋರ್ಡ್ ಜಗ್ಗಲಿಲ್ಲ. ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಜೇಮ್ಸ್ ಕಸಿನ್ಸ್ ಬರೆದ ಉತ್ತರದ ಸಾರಾಂಶ ಇಷ್ಟು: ಖಾಸಗಿಯವರು ಜನರಿಗೆ ರಸ್ತೆ ಹಾಕಿ ಕೊಡುತ್ತಿರುವ ತನಕ ಜನ ತಮ್ಮ ರಸ್ತೆಯನ್ನು ತಾವು ಹಾಕಿಕೊಳ್ಳುವ ಗೋಜಿಗೆ ಹೋಗುವುದಿಲ್ಲ, ರಸ್ತೆಗೆ ದುಡ್ಡು ಕೊಡುವುದನ್ನು ಸಾರ್ವಜನಿಕರು ಕಲಿಯಬೇಕು.

ಇದನ್ನು ಓದಿದರೆ ಮೊದಲು ಜಿಪುಣತನ ಅನ್ನಿಸುತ್ತದೆ. ಸ್ವಲ್ಪ ಜಿಪುಣತನ ಇತ್ತು ಕೂಡ, ಅದೇನು ಮುಚ್ಚುಮರೆಯಿಲ್ಲ. ಆದರೆ ಮುಂದಿನ ಐವತ್ತು ವರ್ಷದ ಚರಿತ್ರೆ ನೋಡುತ್ತ ಬಂದರೆ, ಆ ಮೇಜಿನ ಸುತ್ತ ಕೂತು ಚೆಕ್ಕು ಬರೆದವರಿಗಿಂತ ಬರೆಯದವನೇ ದೂರ ಕಂಡಿದ್ದ ಎನ್ನದೆ ವಿಧಿಯಿಲ್ಲ. ಈ ಹೆದ್ದಾರಿಯ ಕಥೆಯೆಲ್ಲ ಫೋರ್ಡ್‌ನ ಆ ಒಂದು 'ಇಲ್ಲ' ನಿಧಾನವಾಗಿ ನಿಜವಾಗುತ್ತ ಹೋದ ಕಥೆ.

ಗೆರೆ ಎಳೆದವರು

ಲಿಂಕನ್ ಹೆಸರು ಸೂಚಿಸಿದವನು ಹೆನ್ರಿ ಜಾಯ್. ವಾಷಿಂಗ್ಟನ್ನಿನಲ್ಲಿ ಲಿಂಕನ್‌ಗೆ ಅಮೃತಶಿಲೆಯ ಸ್ಮಾರಕ ಕಟ್ಟಲು ಸಂಸತ್ತು ಹದಿನೇಳು ಲಕ್ಷ ಡಾಲರ್ ಖರ್ಚು ಮಾಡಹೊರಟಿದ್ದು ಅವನಿಗೆ ಸಹಿಸಲಾಗಿರಲಿಲ್ಲ. ಕಲ್ಲಿಗೆ ಸುರಿಯುವ ಹಣವನ್ನು ರಸ್ತೆಗೆ ಹಾಕಿ, ಅದೇ ಸ್ಮಾರಕವಾಗಲಿ ಎಂದ. ಸ್ಮಾರಕದ ಕೆಲಸವೇನೂ ನಿಲ್ಲಲಿಲ್ಲ, ಹೆಸರು ಮಾತ್ರ ರಸ್ತೆಗೂ ಸಿಕ್ಕಿತು. ಗುಲಾಮಗಿರಿಯ ಯುದ್ಧ ಮುಗಿದು ಐವತ್ತು ವರ್ಷ ಕೂಡ ಆಗಿರಲಿಲ್ಲ; ಉತ್ತರದ ರಾಜ್ಯಗಳಲ್ಲಿ ಲಿಂಕನ್ ಹೆಸರಿಗೆ ಯಾರು ಬೇಡ ಎನ್ನುತ್ತಾರೆ? 1913ರ ಜುಲೈ 1ರಂದು ಡೆಟ್ರಾಯ್ಟ್‌ನಲ್ಲಿ ಲಿಂಕನ್ ಹೈವೇ ಅಸೋಸಿಯೇಷನ್ ಹುಟ್ಟಿತು. ಜಾಯ್ ಅಧ್ಯಕ್ಷ, ಫಿಶರ್ ಉಪಾಧ್ಯಕ್ಷ. ಐದು ಡಾಲರ್ ಕೊಟ್ಟ ಸಾಮಾನ್ಯರಿಗೂ ಒಂದು ಪ್ರಮಾಣಪತ್ರ. ಮೊದಲನೆಯದು ದೇಶದ ಅಧ್ಯಕ್ಷ ವುಡ್ರೊ ವಿಲ್ಸನ್‌ಗೆ.

ಅದೇ ದಿನ ಇಂಡಿಯಾನಾಪೊಲಿಸ್‌ನಿಂದ ಹದಿನೇಳು ಕಾರು, ಎರಡು ಟ್ರಕ್ಕುಗಳ ದಂಡು ದಾರಿ ಹುಡುಕಲು ಪಶ್ಚಿಮಕ್ಕೆ ಹೊರಟಿತು. ಹೆದ್ದಾರಿ ಯಾವ ಊರ ಮೇಲೆ ಹೋಗುತ್ತದೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ಅದೇ ಫಿಶರ್‌ನ ಚಾಣಾಕ್ಷತನ. ನಮ್ಮೂರಿನ ಮೇಲೇ ಹೋಗಲಿ ಎಂದು ಪಶ್ಚಿಮದ ಊರೂರೂ ಈ ದಂಡನ್ನು ಮದುಮಕ್ಕಳ ದಿಬ್ಬಣದಂತೆ ಎದುರುಗೊಂಡಿತು. ಎಷ್ಟೋ ಕಡೆ ಇವರು ಬರುವ ಮುಂಚೆಯೇ ತರಾತುರಿಯಲ್ಲಿ ರಸ್ತೆ ಸಮ ಮಾಡಿಸಿದರು, ಸೇತುವೆ ರಿಪೇರಿ ಮಾಡಿಸಿದರು. ಮಂತ್ರಿ ಬರುತ್ತಾರೆಂದರೆ ರಾತ್ರೋರಾತ್ರಿ ಡಾಂಬರು ಕಾಣುವ ನಮಗೆ ಇದು ಹೊಸದೇನಲ್ಲ. ಅಯೊವಾದ ಕೆಸರು, ಯೂಟಾ ಮತ್ತು ನೆವಾಡಾದ ಮರಳು, ಕುದಿಯುವ ರೇಡಿಯೇಟರು, ಮುರಿದ ಅಚ್ಚುಗಳನ್ನೆಲ್ಲ ದಾಟಿ ಮೂವತ್ತನಾಲ್ಕು ದಿನದಲ್ಲಿ ಅವರು ಕ್ಯಾಲಿಫೋರ್ನಿಯಾ ಮುಟ್ಟಿದರು. ವಾಪಸು ಮನೆಗೆ ಬಂದದ್ದು ರೈಲಿನಲ್ಲಿ.

ಸೆಪ್ಟೆಂಬರಿನಲ್ಲಿ ಮಾರ್ಗ ಘೋಷಣೆಯಾಯಿತು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊದ ಲಿಂಕನ್ ಪಾರ್ಕ್‌ವರೆಗೆ 3,389 ಮೈಲಿ, ಸುಮಾರು 5,450 ಕಿಲೋಮೀಟರ್. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ, ಇಲಿನಾಯ್, ಅಯೊವಾ, ನೆಬ್ರಾಸ್ಕಾ, ವಯೋಮಿಂಗ್, ಯೂಟಾ, ನೆವಾಡಾಗಳ ಮೂಲಕ, ಲಿಂಕನ್ ತನ್ನ ಖ್ಯಾತ ಭಾಷಣ ಮಾಡಿದ ಗೆಟ್ಟಿಸ್‌ಬರ್ಗ್ ಊರನ್ನೂ ಹಾದು. ತಮಾಷೆಯೆಂದರೆ ಹೆದ್ದಾರಿಯ ಎರಡೂ ತುದಿಯಲ್ಲಿ ನೆಲವೇ ಇರಲಿಲ್ಲ. ನ್ಯೂಯಾರ್ಕ್ ಬಿಡಲು ಹಡ್ಸನ್ ನದಿಯ ಮೇಲೆ ಫೆರಿ ದೋಣಿ ಹತ್ತಬೇಕು, ಸ್ಯಾನ್ ಫ್ರಾನ್ಸಿಸ್ಕೊ ಸೇರಲು ಓಕ್‌ಲೆಂಡ್‌ನಿಂದ ಇನ್ನೊಂದು ಫೆರಿ.

ಮಾರ್ಗ ನೋಡಿದ ಮೇಲೆ ಜಗಳ ಶುರುವಾಯಿತು. ಕಾರುಗಳ ದಂಡನ್ನು ಊಟ ಹಾಕಿ ಮೆರೆಸಿದ ಕೊಲರಾಡೊ, ಕಾನ್ಸಾಸ್ ರಾಜ್ಯಗಳಿಗೆ ಸಿಕ್ಕಿದ್ದು ಚೊಂಬು. ಜಾಯ್‌ಗೆ ಒಂದೇ ಹಟ: ರಸ್ತೆ ಆದಷ್ಟು ನೇರವಾಗಿರಬೇಕು, ನೋಡಲು ಚೆಂದದ ಜಾಗ, ದೊಡ್ಡ ಊರು, ದೊಡ್ಡ ಮನುಷ್ಯ ಎಂದು ಎಲ್ಲೂ ಸುತ್ತಬಾರದು. ಕೊಲರಾಡೊದ ಗವರ್ನರ್ ಪಟ್ಟು ಹಿಡಿದದ್ದಕ್ಕೆ ಡೆನ್ವರ್‌ಗೆ ಹೋಗಿಬರುವ ಒಂದು ಕವಲು ಕೊಟ್ಟರು. ಒಬ್ಬರಿಗೆ ಕೊಟ್ಟಿರಿ, ನಮಗೂ ಕೊಡಿ ಎಂದು ಮಿಕ್ಕವರು ಮುಗಿಬಿದ್ದ ಮೇಲೆ 1915ರಲ್ಲಿ ಅದನ್ನೂ ಕಿತ್ತುಹಾಕಿದರು. 1913ರ ಅಕ್ಟೋಬರ್ 31ರ ರಾತ್ರಿ ದಾರಿಯುದ್ದಕ್ಕೂ ಪಂಜು, ಪಟಾಕಿ, ಮೆರವಣಿಗೆಗಳ ನಡುವೆ ಉದ್ಘಾಟನೆಯಾಯಿತು. ಉದ್ಘಾಟನೆಯಾದದ್ದು ರಸ್ತೆಯಲ್ಲ, ನಕ್ಷೆಯ ಮೇಲಿನ ಗೆರೆ. ಅರ್ಧಕ್ಕಿಂತ ಹೆಚ್ಚು ಭಾಗ ಹಿಂದೆ ಹೇಗಿತ್ತೋ ಹಾಗೇ ಇತ್ತು.

ಫೋರ್ಡ್ ಇಲ್ಲದೆ ಒಂದು ಕೋಟಿ ಡಾಲರ್ ಕೂಡುವ ಲಕ್ಷಣ ಕಾಣಲಿಲ್ಲ. ಇಲ್ಲಿ ಸಂಘದವರು ತೆಗೆದುಕೊಂಡ ತಿರುವು ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದದ್ದು. ರಸ್ತೆ ಹಾಕುವ ಯೋಜನೆ ಬಿಟ್ಟು ರಸ್ತೆಯ ರುಚಿ ಹತ್ತಿಸುವ ಯೋಜನೆ ಹಿಡಿದರು. ಸಿಮೆಂಟ್ ಕಂಪನಿಗಳಿಂದ ಸಿಮೆಂಟ್ ದಾನ ಪಡೆದು ಒಂದೊಂದು ಕಡೆ ಒಂದೇ ಒಂದು ಮೈಲಿ ಕಾಂಕ್ರೀಟ್ ರಸ್ತೆ ಹಾಕುವುದು. ಅದಕ್ಕೆ 'ಸೀಡ್ಲಿಂಗ್ ಮೈಲ್' ಎಂದು ಹೆಸರಿಟ್ಟರು, ಸಸಿ ಮೈಲಿ ಅಂದುಕೊಳ್ಳಿ. ಮೊದಲನೆಯದು 1914ರಲ್ಲಿ ಇಲಿನಾಯ್ ರಾಜ್ಯದ ಮಾಲ್ಟಾ ಎಂಬ ಸಣ್ಣ ಊರಿನ ಬಳಿ. ನೆಬ್ರಾಸ್ಕಾ, ಇಂಡಿಯಾನಾ, ಅಯೊವಾಗಳಲ್ಲೂ ಅಂಥವು ಬಂದವು. ಬೇಕೆಂದೇ ಊರಿನಿಂದ ದೂರ, ಕೆಸರಿನ ನಡುವೆ ಹಾಕುತ್ತಿದ್ದರು. ಕೆಸರಿನಲ್ಲಿ ಒದ್ದಾಡಿಕೊಂಡು ಬಂದವನು ಒಂದು ಮೈಲಿ ಜಾರುಬಂಡೆಯಂಥ ರಸ್ತೆಯಲ್ಲಿ ಹಾಯಾಗಿ ಹೋಗುತ್ತಾನೆ, ಮತ್ತೆ ಕೆಸರಿಗೆ ಬೀಳುತ್ತಾನೆ. ಬಿದ್ದವನು ಮನೆಗೆ ಹೋಗಿ ತನ್ನ ಕೌಂಟಿಯವರನ್ನು, ತನ್ನ ಶಾಸಕನನ್ನು ಬೈಯುತ್ತಾನೆ. ಆ ಬೈಗುಳವೇ ಸಂಘದ ಬೆಳೆ. ಅಂದರೆ ಫೋರ್ಡ್ ಹೇಳಿದ ಜಾಗಕ್ಕೇ ಇವರು ಬೇರೆ ದಾರಿಯಲ್ಲಿ ಬಂದು ನಿಂತಿದ್ದರು: ಸಾರ್ವಜನಿಕರ ದುಡ್ಡನ್ನು ಸಾರ್ವಜನಿಕರಿಂದಲೇ ಕೇಳಿಸುವುದು.

ಬೆಂಕಿ ಹಚ್ಚಿ ಕಾಯಿರಿ

ಸಂಘ ಪ್ರಕಟಿಸುತ್ತಿದ್ದ ಪ್ರವಾಸಿ ಕೈಪಿಡಿಗಳು ಆ ಕಾಲದ ಅತ್ಯಂತ ಪ್ರಾಮಾಣಿಕ ಜಾಹೀರಾತುಗಳಿರಬೇಕು. ಈ ರಸ್ತೆ ಅದ್ಭುತ ಎಂದು ಎಲ್ಲೂ ಹೇಳುವುದಿಲ್ಲ. ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇಪ್ಪತ್ತರಿಂದ ಮೂವತ್ತು ದಿನ ಇಟ್ಟುಕೊಳ್ಳಿ, ಒಬ್ಬರಿಗೆ ದಿನಕ್ಕೆ ಐದು ಡಾಲರ್ ಖರ್ಚು ಹಿಡಿಯಿರಿ ಎನ್ನುತ್ತದೆ 1916ರ ಆವೃತ್ತಿ. ಹೊಸ ಬೂಟು ಹಾಕಿಕೊಂಡು ಬರಬೇಡಿ. ಪಶ್ಚಿಮದಲ್ಲಿ ಪೆಟ್ರೋಲು ಕಂಡಲ್ಲೆಲ್ಲ ತುಂಬಿಸಿಕೊಳ್ಳಿ, ಟ್ಯಾಂಕಿನಲ್ಲಿ ಎಷ್ಟೇ ಇರಲಿ. ಹಳ್ಳದ ನೀರಿಗೆ ಕಾರು ಇಳಿಸುವ ಮೊದಲು ನೀವು ಇಳಿದು ನಡೆದು ಆಳ ನೋಡಿ. ಗುದ್ದಲಿ, ಕೊಡಲಿ, ಹಗ್ಗ, ಚಕ್ರಕ್ಕೆ ಸುತ್ತುವ ಸರಪಳಿ, ಡೇರೆಯ ಬಟ್ಟೆ ಇರಲಿ.

ಯೂಟಾದ ಉಪ್ಪು ಮರುಭೂಮಿಯ ಅಂಚಿನಲ್ಲಿ ಫಿಶ್ ಸ್ಪ್ರಿಂಗ್ಸ್ ಎಂಬ ಜಾಗ ಬರುತ್ತದೆ. ಅಲ್ಲಿಗೆ ಕೈಪಿಡಿಯ ಸಲಹೆ ಇನ್ನೂ ಸೊಗಸು: ಕಾರು ಹೂತುಹೋದರೆ ಸುತ್ತಲಿನ ಕುರುಚಲು ಗಿಡ ಕಿತ್ತು ಬೆಂಕಿ ಹಚ್ಚಿ, ಅಲ್ಲಿನ ಪಶುಪಾಲಕ ಥಾಮಸ್ ಇಪ್ಪತ್ತು ಮೈಲಿ ದೂರದಿಂದಲೂ ಅದನ್ನು ನೋಡಿ ಕುದುರೆ ಜೋಡಿ ಹೊಡೆದುಕೊಂಡು ಬರುತ್ತಾನೆ. ಬರುತ್ತಿದ್ದ, ಎಳೆದೂ ಹಾಕುತ್ತಿದ್ದ, ಆದರೆ ಪುಕ್ಕಟೆಯಾಗಿ ಅಲ್ಲ.

ಅಯೊವಾದ ಕಥೆ ಬೇರೆ. ಅಲ್ಲಿನ ಮಣ್ಣು ನಮ್ಮ ಧಾರವಾಡ-ಗದಗ ಕಡೆಯ ಎರೆ ಭೂಮಿಯ ನೆಂಟ. ಬೆಳೆಗೆ ಬಂಗಾರ, ಮಳೆ ಬಿದ್ದರೆ ಚಕ್ರಕ್ಕೆ ಅಂಟಿ ಕಾರನ್ನು ನೆಟ್ಟಗೆ ನಿಲ್ಲಿಸಿಬಿಡುವ ಅಂಟು. ಮಳೆ ಬಂತೆಂದರೆ ಪ್ರವಾಸಿಗರು ಹೋಟೆಲಿನಲ್ಲಿ ಕೂತು ನೆಲ ಒಣಗುವುದನ್ನು ಕಾಯುತ್ತಿದ್ದರು. ರಾಜ್ಯ ಶ್ರೀಮಂತವಾಗಿದ್ದರೂ ರೈತರಿಗೆ ಈ ರಸ್ತೆಯ ಮೇಲೆ ಪ್ರೀತಿ ಇರಲಿಲ್ಲ. ಪೂರ್ವದ ಶ್ರೀಮಂತರು ಮೋಜಿಗೆ ಓಡಾಡಲು ನಾವೇಕೆ ತೆರಿಗೆ ಕೊಡಬೇಕು ಎಂಬುದು ಅವರ ವಾದ. ಆ ಪ್ರಶ್ನೆಯಲ್ಲಿ ಹುರುಳಿತ್ತು. ಹಳ್ಳಿಯಿಂದ ಸಂತೆಗೆ ಹೋಗುವ ದಾರಿ ಮೊದಲೋ, ಕಡಲಿಂದ ಕಡಲಿಗೆ ಹೋಗುವ ದಾರಿ ಮೊದಲೋ ಎಂಬ ಈ ಜಗಳ ಈಗಲೂ ನಮ್ಮ ಎಕ್ಸ್‌ಪ್ರೆಸ್‌ವೇಗಳ ಪಕ್ಕದ ಹಳ್ಳಿಗಳಲ್ಲಿ ನಡೆಯುತ್ತಲೇ ಇದೆ.

1919ರ ಬೇಸಿಗೆಯಲ್ಲಿ ಸೈನ್ಯ ಈ ರಸ್ತೆಗೆ ಇಳಿಯಿತು. ಮೊದಲ ಮಹಾಯುದ್ಧ ಆಗತಾನೆ ಮುಗಿದಿತ್ತು. ಟ್ರಕ್ಕುಗಳು ಸೈನ್ಯವನ್ನು ದೇಶದ ಈ ತುದಿಯಿಂದ ಆ ತುದಿಗೆ ಸಾಗಿಸಬಲ್ಲವೇ ಎಂದು ನೋಡುವುದು ಉದ್ದೇಶ. ಜುಲೈ 7ರಂದು ವಾಷಿಂಗ್ಟನ್ನಿನಿಂದ 81 ವಾಹನಗಳು ಹೊರಟವು. ಗೆಟ್ಟಿಸ್‌ಬರ್ಗ್‌ನಲ್ಲಿ ಲಿಂಕನ್ ಹೈವೇ ಸೇರಿದವು. ಮುಂದೆ ದಾರಿ ತೋರಿಸುತ್ತ ಹೋದವನು ಸಂಘದ ಹೆನ್ರಿ ಓಸ್ಟರ್‌ಮನ್, ಈ ದಾರಿಯನ್ನು ಅವನಷ್ಟು ಬಲ್ಲವರು ಬೇರೆ ಇರಲಿಲ್ಲ. ಸೈನ್ಯದ ಟ್ರಕ್ಕುಗಳ ಭಾರಕ್ಕೆ ಮರದ ಸೇತುವೆಗಳು ಮುರಿದುಬಿದ್ದವು. ಮುರಿದದ್ದನ್ನು ಸೈನಿಕರೇ ಕಟ್ಟಿ ಮುಂದೆ ಹೋಗಬೇಕು. ಯೂಟಾದ ಉಪ್ಪು ಜವುಗಿನಲ್ಲಿ ಟ್ರಕ್ಕುಗಳು ಅಚ್ಚಿನ ತನಕ ಹೂತು, ಯಂತ್ರಗಳು ಕೈಚೆಲ್ಲಿದಾಗ ಜನ ಹಗ್ಗ ಹಿಡಿದು ಎಳೆದರು. 3,251 ಮೈಲಿ, 62 ದಿನ. ಸರಾಸರಿ ವೇಗ ಗಂಟೆಗೆ ಆರು ಮೈಲಿ, ಅಂದರೆ ಬಿರುಸಾಗಿ ನಡೆಯುವವನಿಗಿಂತ ತುಸು ಹೆಚ್ಚು.

ಆ ದಂಡಿನಲ್ಲಿ ವೀಕ್ಷಕನಾಗಿ ಸೇರಿಕೊಂಡಿದ್ದ 28 ವರ್ಷದ ಲೆಫ್ಟಿನೆಂಟ್ ಕರ್ನಲ್ ಒಬ್ಬನಿದ್ದ. ಯುದ್ಧಕ್ಕೆ ಹೋಗುವ ಅವಕಾಶ ಸಿಗದೆ ಬೇಸತ್ತು, ಹೊತ್ತು ಹೋದರೆ ಸಾಕೆಂದು ಬಂದವನು. ವಯೋಮಿಂಗ್‌ನಲ್ಲಿ ಒಬ್ಬ ಗೆಳೆಯನ ಜೊತೆ ಸೇರಿ, ಮೂಲನಿವಾಸಿಗಳು ದಾಳಿ ಮಾಡಲಿದ್ದಾರೆ ಎಂದು ಕತ್ತಲಲ್ಲಿ ಕೂಗು ಹಾಕಿ, ಪೂರ್ವದಿಂದ ಬಂದ ಹೊಸಬರನ್ನು ಹೆದರಿಸಿದ. ಆ ತಮಾಷೆ ಇಂದು ಯಾರಿಗೂ ರುಚಿಸಲಾರದು, ಅದಿರಲಿ. ಹೆಸರು ಡ್ವೈಟ್ ಐಸೆನ್‌ಹೋವರ್. ಮುಂದೆ ಅಮೆರಿಕದ ಅಧ್ಯಕ್ಷ.

ಮರುವರ್ಷ ಓಸ್ಟರ್‌ಮನ್ ಇದೇ ರಸ್ತೆಯಲ್ಲಿ, ಅಯೊವಾದ ಟಾಮಾ ಊರಿನ ಬಳಿ, ಕಾರು ಮಗುಚಿ ಸತ್ತ. ಆ ಟಾಮಾದಲ್ಲಿ 1915ರ ಒಂದು ಪುಟ್ಟ ಸೇತುವೆ ಇದೆ. ಅದರ ಕಾಂಕ್ರೀಟ್ ಕಟಾಂಜನವನ್ನೇ ಅಕ್ಷರಗಳಾಗಿ ಎರಕ ಹೊಯ್ದು ಹೆದ್ದಾರಿಯ ಹೆಸರು ಬರೆದಿದ್ದಾರೆ. ಈಗಲೂ ಅದರ ಮೇಲೆ ವಾಹನ ಓಡುತ್ತವೆ.

ಯೂಟಾದ ಕೈ

ಹೆದ್ದಾರಿಯ ಅತಿ ದೊಡ್ಡ ಸೋಲು ಯೂಟಾದಲ್ಲಿ. ಅದಕ್ಕೆ ಕಾರಣ ಮರುಭೂಮಿಯಲ್ಲ, ರಾಜಕೀಯ. ಉಪ್ಪು ಬಯಲನ್ನು ಅಡ್ಡಲಾಗಿ ದಾಟುವ ಒಂದು ಹತ್ತಿರದ ದಾರಿಗೆ ಗುಡ್‌ಇಯರ್ ಕಂಪನಿ ಒಂದು ಲಕ್ಷ ಡಾಲರ್ ಕೊಟ್ಟಿತು. ಕಾರು ತಯಾರಕ ಜಾನ್ ವಿಲ್ಲಿಸ್ ಐವತ್ತು ಸಾವಿರ, ಫಿಶರ್ ತನ್ನ ಕಿಸೆಯಿಂದ ಇಪ್ಪತ್ತೈದು ಸಾವಿರ. ಅದಕ್ಕೆ ಪ್ರತಿಯಾಗಿ ಒಂದು ಕಣಿವೆಗೆ ಫಿಶರ್ ಹೆಸರನ್ನೂ ಇಟ್ಟರು. ಯೂಟಾ ಸರ್ಕಾರ ಕೈದಿಗಳನ್ನು ತಂದು ಕೆಲಸ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿಬಿಟ್ಟಿತು.

ಯಾಕೆ ಎನ್ನುವುದಕ್ಕೆ ನಕ್ಷೆ ನೋಡಬೇಕು. ಲಿಂಕನ್ ಹೈವೇಯಲ್ಲಿ ಹೋದವನು ನೆವಾಡಾದ ಈಲಿ ಊರು ಮುಟ್ಟಿದರೆ, ಅಲ್ಲಿಂದ ಲಾಸ್ ಏಂಜಲೀಸ್‌ಗೂ ತಿರುಗಬಹುದು. ಆಗ ದಕ್ಷಿಣ ಯೂಟಾದ ಊರುಗಳಿಗೆ ಪ್ರವಾಸಿಗರ ಒಂದು ಡಾಲರೂ ಬೀಳುವುದಿಲ್ಲ. ಅದರ ಬದಲು ವೆಂಡೋವರ್ ಮೂಲಕ ಉತ್ತರದ ದಾರಿ ಮಾಡಿದರೆ, ಲಾಸ್ ಏಂಜಲೀಸ್‌ಗೆ ಹೋಗುವವರೆಲ್ಲ ಯೂಟಾದ ಉದ್ದಕ್ಕೂ ಹಾದು ಉಂಡು, ಮಲಗಿ ಹೋಗಬೇಕಾಗುತ್ತದೆ. ಯೂಟಾ ವೆಂಡೋವರ್ ಹಿಡಿಯಿತು, ಕೇಂದ್ರ ಸರ್ಕಾರವೂ ಒಪ್ಪಿತು. 1925ರಲ್ಲಿ ಆ ರಸ್ತೆ ತೆರೆಯಿತು. ಸಂಘ ವರ್ಷಗಟ್ಟಲೆ ಕಾಗದ ಬರೆದು ಬರೆದು ಸೋತು, ಕೊನೆಗೆ ಅದನ್ನೇ ತನ್ನ ಮಾರ್ಗ ಎಂದು ಒಪ್ಪಿಕೊಂಡಿತು. ಬಿಟ್ಟುಹೋದ ಹಳೆಯ ದಾರಿಯ ಒಂದು ಭಾಗ ಈಗ ಡಗ್‌ವೇ ಎಂಬ ಸೈನ್ಯದ ಪರೀಕ್ಷಾ ಪ್ರದೇಶದ ಬೇಲಿಯೊಳಗಿದೆ. ರಾಸಾಯನಿಕ ಅಸ್ತ್ರಗಳನ್ನು ಪರೀಕ್ಷಿಸುತ್ತಿದ್ದ ಜಾಗ ಅದು. ಸಾಮಾನ್ಯರಿಗೆ ಪ್ರವೇಶವಿಲ್ಲ.

ದುಡ್ಡು ಕೊಟ್ಟವನ ಕೈಯಲ್ಲಿ ರಸ್ತೆ ಇರಲಿಲ್ಲ, ನೆಲ ಇದ್ದವನ ಕೈಯಲ್ಲಿತ್ತು. ಇಂಡಿಯಾನಾದಲ್ಲಿ ಇದರ ತಿರುಗುಮುರುಗು ನಡೆಯಿತು. ಯುನೈಟೆಡ್ ಸ್ಟೇಟ್ಸ್ ರಬ್ಬರ್ ಕಂಪನಿ ಕೊಟ್ಟ 1,30,000 ಡಾಲರ್ ಸೇರಿಸಿ ಡೈಯರ್ ಮತ್ತು ಷೆರರ್‌ವಿಲ್ ನಡುವೆ 1.3 ಮೈಲಿಯ 'ಆದರ್ಶ ತುಂಡು' ಒಂದನ್ನು 1923ರ ಹೊತ್ತಿಗೆ ಕಟ್ಟಿ ಮುಗಿಸಿದರು. ನಲವತ್ತು ಅಡಿ ಅಗಲ, ನಾಲ್ಕು ಲೇನು, ಹತ್ತು ಇಂಚು ದಪ್ಪದ ಉಕ್ಕು ಸೇರಿಸಿದ ಕಾಂಕ್ರೀಟು, ರಾತ್ರಿಗೆ ದೀಪ, ಬದಿಯಲ್ಲಿ ಪಾದಚಾರಿ ದಾರಿ. ಇಪ್ಪತ್ತು ವರ್ಷ ಮುಂದಿನ ಸಂಚಾರವನ್ನು ಊಹಿಸಿ ಮಾಡಿದ ವಿನ್ಯಾಸ. ಎಂಜಿನಿಯರುಗಳು ದೂರದೂರದಿಂದ ಬಂದು ನೋಡಿ ಹೋದರು. ಸಸಿ ಮೈಲಿಗಳಂತೆ ಇದೂ ಮಾದರಿಯಷ್ಟೆ, ಆದರೆ ಮಾದರಿ ತೋರಿಸುವುದರಲ್ಲಿ ಈ ಸಂಘವನ್ನು ಮೀರಿಸಿದವರಿಲ್ಲ.

ಹೆಸರು ಹೋಗಿ ಸಂಖ್ಯೆ ಬಂತು

ಜನರ ಬೈಗುಳ ಫಲ ಕೊಡತೊಡಗಿತ್ತು. 1916ರಲ್ಲಿ ಮೊದಲ ಬಾರಿಗೆ ಕೇಂದ್ರ ಸರ್ಕಾರ ಐದು ವರ್ಷಕ್ಕೆ ಏಳೂವರೆ ಕೋಟಿ ಡಾಲರ್ ತೆಗೆದಿಟ್ಟಿತು. ರಾಜ್ಯಗಳು ಅಷ್ಟೇ ಹಣ ಹಾಕಬೇಕು. 1921ರ ಕಾನೂನು ಇನ್ನೂ ಗಟ್ಟಿ: ಪ್ರತಿ ರಾಜ್ಯವೂ ತನ್ನ ರಸ್ತೆಗಳಲ್ಲಿ ನೂರಕ್ಕೆ ಏಳು ಭಾಗವನ್ನು ಆರಿಸಬೇಕು, ಕೇಂದ್ರದ ಹಣ ಅವಕ್ಕೆ ಮಾತ್ರ. ಹೀಗೆ ರಾಜ್ಯದಿಂದ ರಾಜ್ಯಕ್ಕೆ ಕೂಡುವ ಒಂದು ಜಾಲ ರೂಪುಗೊಂಡಿತು. 1919ರಲ್ಲಿ ಒರೆಗನ್ ರಾಜ್ಯ ಗ್ಯಾಲನ್‌ಗೆ ಒಂದು ಸೆಂಟ್ ಪೆಟ್ರೋಲ್ ತೆರಿಗೆ ಹಾಕಿತು. ಹತ್ತೇ ವರ್ಷದಲ್ಲಿ ಎಲ್ಲ ರಾಜ್ಯಗಳೂ ಅದನ್ನು ಅನುಸರಿಸಿದವು. ರಸ್ತೆಗೆ ಹಣ ಬರುವ ದಾರಿ ಸಿಕ್ಕಿತು. ಫೋರ್ಡ್ ಹೇಳಿದ್ದೂ ಇದನ್ನೇ.

ಇತ್ತ ಲಿಂಕನ್ ಹೈವೇಯ ಯಶಸ್ಸು ನೋಡಿ ಹೆಸರಿನ ಹೆದ್ದಾರಿಗಳು ಅಣಬೆಗಳಂತೆ ಎದ್ದಿದ್ದವು. ಫಿಶರ್‌ನೇ ಸುಮ್ಮನಿರದೆ ಉತ್ತರದಿಂದ ಫ್ಲೋರಿಡಾಗೆ ಡಿಕ್ಸಿ ಹೈವೇ ಹೊರಡಿಸಿದ. ಮಯಾಮಿ ಬೀಚ್‌ನಲ್ಲಿ ಅವನ ಸೈಟುಗಳು ಮಾರಾಟಕ್ಕಿದ್ದವು. 1925ರ ಹೊತ್ತಿಗೆ ಇಂಥ ಸುಮಾರು 250 ಹೆಸರುಗಳು. ಒಂದೇ ಕಂಬಕ್ಕೆ ಏಳೆಂಟು ಬಣ್ಣದ ಪಟ್ಟಿ ಬಳಿದಿರುತ್ತಿದ್ದರು. ಕೆಲವು ಸಂಘಗಳು ದುಡ್ಡು ಕೊಟ್ಟ ಊರಿನ ಮೇಲೆ ರಸ್ತೆಯನ್ನು ಸುತ್ತಿಸುತ್ತಿದ್ದವು. ಸರ್ಕಾರ ಹೆಸರುಗಳನ್ನೆಲ್ಲ ಗುಡಿಸಿಹಾಕಿ ಸಂಖ್ಯೆ ಕೊಡಲು ತೀರ್ಮಾನಿಸಿತು. 1926ರ ನವೆಂಬರಿನಲ್ಲಿ ಪಟ್ಟಿ ಅಂತಿಮವಾಯಿತು. ಲಿಂಕನ್ ಹೈವೇಗೆ ಒಂದೇ ಸಂಖ್ಯೆ ಸಿಗಲಿಲ್ಲ. ಮೂರನೇ ಎರಡರಷ್ಟು ಯು.ಎಸ್. 30 ಆಯಿತು, ಮಿಕ್ಕದ್ದು 1, 40, 50 ಎಂದು ಚೂರಾಯಿತು.

ಸಂಖ್ಯೆ ಹಾಕಿದವರಿಗೆ ಜನರ ನಾಲಗೆಯ ಮೇಲೆ ಅಧಿಕಾರ ಇರುವುದಿಲ್ಲ. ನಮ್ಮಲ್ಲೂ ಪುಣೆ-ಬೆಂಗಳೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 4 ಆಯಿತು, 2010ರ ಮರುಎಣಿಕೆಯಲ್ಲಿ 48 ಆಯಿತು. ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಯಲ್ಲಿ ಆಟೊ ಹತ್ತಿ 48ಕ್ಕೆ ಬಿಡಿ ಎಂದರೆ ಚಾಲಕ ಮುಖ ನೋಡುತ್ತಾನೆ. ಪಿ.ಬಿ. ರೋಡ್ ಅಂದರೆ ಮಾತ್ರ ಗೇರು ಬೀಳುತ್ತದೆ.

ಸಂಘ 1927ರ ಕೊನೆಗೆ ಬಾಗಿಲು ಹಾಕಿತು. ಉಳಿದ ಹಣದಲ್ಲಿ ಅದು ಮಾಡಿದ ಕೊನೆಯ ಕೆಲಸ, ರಸ್ತೆಯುದ್ದಕ್ಕೂ ಲಿಂಕನ್ ಮುಖದ ಪದಕವಿರುವ ಕಾಂಕ್ರೀಟ್ ಕಂಬಗಳನ್ನು ನೆಡಿಸುವುದು. 1928ರ ಸೆಪ್ಟೆಂಬರ್ 1ರಂದು ದೇಶದಾದ್ಯಂತ ಬಾಯ್ ಸ್ಕೌಟ್ ಹುಡುಗರು ಹೆಚ್ಚುಕಡಿಮೆ ಮೂರು ಸಾವಿರ ಕಂಬ ನೆಟ್ಟರು. ಇನ್ನು ಮುಂದೆ ಸಂಖ್ಯೆಯ ಫಲಕ ಬೇರೆ, ಸ್ಮಾರಕದ ಕಂಬ ಬೇರೆ ಎಂಬ ಉಪಾಯ. ಅಷ್ಟಾದರೂ ಕಡಲಿಂದ ಕಡಲಿಗೆ ಪೂರ್ತಿ ರಸ್ತೆ ಆಗಿರಲಿಲ್ಲ, ಯು.ಎಸ್. 30ರ ಕೊನೆಯ ಮಣ್ಣಿನ ತುಂಡಿಗೆ ನೆಬ್ರಾಸ್ಕಾದ ನಾರ್ತ್ ಪ್ಲ್ಯಾಟ್ ಬಳಿ ಡಾಂಬರು ಬಿದ್ದದ್ದು 1935ರಲ್ಲಿ. ಫಿಶರ್ ಹಾಕಿದ ಗಡುವು ಮುಗಿದು ಇಪ್ಪತ್ತು ವರ್ಷದ ಮೇಲೆ. ಅಷ್ಟರಲ್ಲಿ ಅವನು 1926ರ ಚಂಡಮಾರುತ ಮತ್ತು 1929ರ ಷೇರು ಕುಸಿತದಲ್ಲಿ ಎಲ್ಲ ಕಳೆದುಕೊಂಡಿದ್ದ. 1939ರಲ್ಲಿ, ತಾನೇ ಜೌಗಿನಿಂದ ಎಬ್ಬಿಸಿದ ಮಯಾಮಿ ಬೀಚ್‌ನ ಒಂದು ಸಾಧಾರಣ ಮನೆಯಲ್ಲಿದ್ದುಕೊಂಡು ತೀರಿಕೊಂಡ.

ಐಸೆನ್‌ಹೋವರ್ 1919ರ ಕೆಸರನ್ನು ಮರೆಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಆಟೊಬಾನ್ ಹೆದ್ದಾರಿಗಳನ್ನು ನೋಡಿದ ಮೇಲೆ ಅವನ ಮನಸ್ಸು ಗಟ್ಟಿಯಾಯಿತು. ತನ್ನ ನೆನಪುಗಳಲ್ಲಿ ಅವನು ಈ ಎರಡನ್ನೂ ಸೇರಿಸಿಯೇ ಹೇಳಿಕೊಂಡಿದ್ದಾನೆ. 1956ರಲ್ಲಿ ಅವನು ಸಹಿ ಹಾಕಿದ ಕಾನೂನು 41,000 ಮೈಲಿಯ ಇಂಟರ್‌ಸ್ಟೇಟ್ ಜಾಲಕ್ಕೆ ದಾರಿ ಮಾಡಿತು. ಖರ್ಚಿನಲ್ಲಿ ನೂರಕ್ಕೆ ತೊಂಬತ್ತು ಕೇಂದ್ರದ್ದು, ಅದು ಬರುವುದು ಪೆಟ್ರೋಲ್ ತೆರಿಗೆಯಿಂದ. ಒಂದು ಕೋಟಿ ಡಾಲರ್ ಚಂದಾ ಎತ್ತಲಾಗದೆ ಸೋತ ಉದ್ಯಮಕ್ಕೆ ಈಗ ಸಾವಿರಾರು ಕೋಟಿ ಡಾಲರಿನ ರಸ್ತೆ ಜನರ ಜೇಬಿನಿಂದ ಬಂತು. ಫೋರ್ಡ್‌ನ ಲೆಕ್ಕ ಪೂರ್ತಿ ಚುಕ್ತಾ ಆಯಿತು. ಅದರ ಬಡ್ಡಿ ಕಟ್ಟಿದವರು ಹಳೆಯ ಹೆದ್ದಾರಿಯ ಪಕ್ಕದ ಹೋಟೆಲು, ಗ್ಯಾರೇಜು, ಪೆಟ್ರೋಲ್ ಬಂಕಿನವರು. ಪೆನ್ಸಿಲ್ವೇನಿಯಾದ ಬೆಟ್ಟದಂಚಿನಲ್ಲಿ ಹಡಗಿನ ಆಕಾರದಲ್ಲೇ ಕಟ್ಟಿದ ಒಂದು ಹೋಟೆಲ್ 1932ರಿಂದ ಇತ್ತು, ಮೇಲಿಂದ ಮೂರು ರಾಜ್ಯ ಕಾಣುತ್ತವೆಂದು ಖ್ಯಾತಿ. 1940ರಲ್ಲಿ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿ ತೆರೆದ ಮೇಲೆ ಗಿರಾಕಿಗಳು ಕಡಿಮೆಯಾಗುತ್ತ ಬಂದರು, 2001ರಲ್ಲಿ ಖಾಲಿ ಹೋಟೆಲಿಗೆ ಬೆಂಕಿ ಬಿತ್ತು.

ಇಂದು ನ್ಯೂಜೆರ್ಸಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಕಾರಿನಲ್ಲಿ ಹೋಗುವವರು ಇಂಟರ್‌ಸ್ಟೇಟ್ 80 ಹಿಡಿದರೆ ನಾಲ್ಕೈದು ದಿನದ ಮಾತು. ಹಳೆಯ ದಾರಿ ಅದರ ಅಕ್ಕಪಕ್ಕ ಸುಳಿಯುತ್ತಿರುತ್ತದೆ. ಅಮೆರಿಕದಲ್ಲಿರುವ ಎಷ್ಟೋ ಕನ್ನಡಿಗರು ಗೊತ್ತಿಲ್ಲದೆಯೇ ದಿನಾ ಅದರ ಮೇಲೆ ಓಡಾಡುತ್ತಿದ್ದಾರೆ. ಭಾರತೀಯರು ಕಿಕ್ಕಿರಿದಿರುವ ನ್ಯೂಜೆರ್ಸಿಯ ಎಡಿಸನ್ ಮತ್ತು ಐಸೆಲಿನ್ ಊರುಗಳಲ್ಲಿ ರೂಟ್ 27ರ ಮೇಲಿನ ಅಂಗಡಿಗಳ ವಿಳಾಸದಲ್ಲಿ ಲಿಂಕನ್ ಹೈವೇ ಎಂದೇ ಇದೆ. ಥಾಮಸ್ ಎಡಿಸನ್ ಪ್ರಯೋಗಾಲಯವಿದ್ದ ಮೆನ್ಲೊ ಪಾರ್ಕ್ ಕೂಡ ಅದರ ಮಗ್ಗುಲಲ್ಲೇ. ಆ ತುದಿಯಲ್ಲಿ ಸಾಫ್ಟ್‌ವೇರ್ ಮಂದಿ ಮನೆ ಮಾಡಿರುವ ಲಿವರ್‌ಮೋರ್, ಡಬ್ಲಿನ್ ಊರುಗಳ ಮೂಲಕವೇ 1913ರ ಮಾರ್ಗ ಓಕ್‌ಲೆಂಡ್ ಕಡೆ ಇಳಿಯುತ್ತಿತ್ತು.

ಅಸಲಿ ದಾರಿ ಬೇಕೆನ್ನುವವರು ನೆವಾಡಾಕ್ಕೆ ಹೋಗಬೇಕು. ಈಲಿ, ಯುರೇಕಾ, ಆಸ್ಟಿನ್, ಫ್ಯಾಲನ್ ಊರುಗಳನ್ನು ಕೂಡಿಸುವ ಯು.ಎಸ್. 50 ಲಿಂಕನ್ ಹೈವೇಯ ಹಾದಿಯೇ. 1986ರಲ್ಲಿ ಲೈಫ್ ಪತ್ರಿಕೆ ಇದನ್ನು ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಕರೆಯಿತು, ಅಲ್ಲಿ ನೋಡುವಂಥದ್ದು ಏನೂ ಇಲ್ಲ ಎಂಬ ಅರ್ಥದಲ್ಲಿ. ನೆವಾಡಾದವರು ಬೇಜಾರು ಮಾಡಿಕೊಳ್ಳದೆ ಆ ಬೈಗುಳವನ್ನೇ ಫಲಕಕ್ಕೆ ಬರೆಸಿ ರಸ್ತೆ ಬದಿ ನಿಲ್ಲಿಸಿದರು, ಬದುಕಿ ಬರುವುದು ಹೇಗೆ ಎಂಬ ಒಂದು ಪುಸ್ತಿಕೆಯನ್ನೂ ಹೊರತಂದರು. ದಾರಿಯ ಊರುಗಳಲ್ಲಿ ಅದಕ್ಕೆ ಮುದ್ರೆ ಹಾಕಿಸಿಕೊಂಡು ಕಳಿಸಿದರೆ ಪ್ರಮಾಣಪತ್ರ ಬರುತ್ತದೆ. ಈ ಸಲ ಐದು ಡಾಲರ್ ಕೇಳುವುದಿಲ್ಲ.